ಮದ್ದಿನ ಚೀಟಿ ಬರೆಯದವರು

ಮನೋರೋಗಿಗಳ ಶುಶ್ರೂಷೆಯೆಂದರೆ ಅದು ಡಾಕ್ಟರರ ಕೆಲಸ ಎಂಬುದು ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಇಂದಿಗೂ ಇರುವ ತಿಳುವಳಿಕೆ. ಮಗಳು ಬಿ.ಎ.ಗೆ ಮನಃಶಾಸ್ತ್ರ ತೆಗೆದುಕೊಂಡಿದ್ದಾಳೆಂದರೆ, "ಓಹೋ, ಡಾಕ್ಟರಾಗುತ್ತಾಳೆಯೋ?" ಎಂದು ಕೇಳುವವರೇ ಹೆಚ್ಚು. ಇಲ್ಲವೆಂದರೆ, "ಮತ್ತೇನು ಮಾಡುತ್ತಾಳೆ?" ಎಂಬ ಎರಡನೆಯ ಪ್ರಶ್ನೆ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಈ ಎರಡನೆಯ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಒಂದು ಚರಿತ್ರೆಯಿದೆ. ಮದ್ದಿನ ಚೀಟಿ ಬರೆಯದೆಯೇ ಮನೋರೋಗಿಗೆ ನೆರವಾಗುವ ವಿದ್ಯೆ ಹೇಗೆ ಹುಟ್ಟಿತು, ಅದನ್ನು ಕಲಿಸುವ ಶಾಲೆಗಳು ಹೇಗೆ ಬಂದವು ಎಂಬುದನ್ನು ನಾನು ಕೆಲವು ಕಾಲದಿಂದ ಕುತೂಹಲಕ್ಕಾಗಿ ಓದುತ್ತ ಬಂದವನು. ಅದರಲ್ಲಿ ಓದುಗರಿಗೆ ರುಚಿಸಬಹುದಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಕತೆ ಒಬ್ಬ ಗೃಹಿಣಿಯಿಂದ ಮೊದಲಾಗುತ್ತದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಅಡಾಲ್ಫ್ ಮೇಯರ್ ಎಂಬ ಹೆಸರಾಂತ ಮನೋವೈದ್ಯರಿದ್ದರು. ರೋಗಿಯನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ನೋಡಿದರೆ ಅವನ ರೋಗದ ಅರ್ಧ ಮಾತ್ರ ಕಾಣುತ್ತದೆ ಎಂದು ಅವರಿಗೆ ತೋರಿತು. ಉಳಿದರ್ಧವನ್ನು ನೋಡಿ ಬರಲು 1904ರ ಸುಮಾರಿನಲ್ಲಿ ಅವರ ಪತ್ನಿ ಮೇರಿ ರೋಗಿಗಳ ಮನೆಮನೆಗೆ ಹೋಗತೊಡಗಿದರು. ಆಕೆಗೆ ಇದಕ್ಕಾಗಿ ಯಾವ ಪದವಿಯೂ ಇರಲಿಲ್ಲ. ಅಂಥ ಪದವಿಯನ್ನು ಆಗ ಯಾರೂ ಕೊಡುತ್ತಲೂ ಇರಲಿಲ್ಲ. ಡಾಕ್ಟರರಿಗೆ ಹೊಳೆದ ಪ್ರಶ್ನೆಗೆ ಉತ್ತರ ತರಲು ಹೆಂಡತಿ ಊರು ಸುತ್ತಬೇಕಾಯಿತೆಂಬುದನ್ನು ಓದಿದಾಗ ನನಗೆ ನಗು ಬಂದದ್ದುಂಟು.

ಈ ಕೆಲಸಕ್ಕೆ ಹೆಸರನ್ನೂ ಶಾಲೆಯನ್ನೂ ಕೊಟ್ಟವರು ಬಾಸ್ಟನ್ನಿನ ಮೇರಿ ಜ್ಯಾರೆಟ್. 1913ರಲ್ಲಿ ಆಕೆ ಅಲ್ಲಿನ ಮನೋವೈದ್ಯ ಆಸ್ಪತ್ರೆಯ ಸಮಾಜಸೇವಾ ವಿಭಾಗದ ಮುಖ್ಯಸ್ಥೆಯಾಗಿ ಬಂದರು. ಆಸ್ಪತ್ರೆಯ ನಿರ್ದೇಶಕ ಎಲ್ಮರ್ ಸದರ್ಡ್ ಆಕೆಯನ್ನು ಜೊತೆಗಾರ್ತಿಯಂತೆ ಕಂಡರು. ಅಷ್ಟರಲ್ಲಿ ಮಹಾಯುದ್ಧ ಬಂದಿತು. ಕಂದಕಗಳಲ್ಲಿ ಸಿಡಿಗುಂಡುಗಳ ನಡುವೆ ಬುದ್ಧಿ ಕಲಕಿದ ಸಿಪಾಯಿಗಳು ಊರಿಗೆ ಮರಳಿದಾಗ ಅವರನ್ನು ನೋಡಿಕೊಳ್ಳುವವರಾರು? 1918ರ ಬೇಸಗೆಯಲ್ಲಿ ಸ್ಮಿತ್ ಕಾಲೇಜಿನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿ ತೆರೆಯಿತು. ಎಂಟು ವಾರ ಪಾಠ. ಅದಾದ ಮೇಲೆ ತಿಂಗಳುಗಟ್ಟಲೆ ಆಸ್ಪತ್ರೆಗಳಲ್ಲಿ, ಅನುಭವಸ್ಥರ ಕಣ್ಣೆದುರಿನಲ್ಲಿ ಕೆಲಸ. ಈ ಅನುಪಾತವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಪುಸ್ತಕ ಸ್ವಲ್ಪ, ಮನುಷ್ಯರು ಹೆಚ್ಚು. ಅದೂ ಒಬ್ಬಂಟಿಯಾಗಿ ಅಲ್ಲ, ಬರೆದದ್ದನ್ನು ಓದಿ, ತಪ್ಪಿದ್ದಲ್ಲಿ ಗೆರೆಯೆಳೆದು, "ಇದನ್ನೇಕೆ ಕೇಳಲಿಲ್ಲ?" ಎನ್ನುವ ಹಿರಿಯರೊಬ್ಬರು ಪಕ್ಕದಲ್ಲಿರಬೇಕು.

ಸದರ್ಡ್ 1920ರಲ್ಲಿ ತೀರಿಕೊಂಡರು. ಅವರೂ ಜ್ಯಾರೆಟ್ಟರೂ ಕೂಡಿ ಬರೆದ ಗ್ರಂಥ 1922ರಲ್ಲಿ ಹೊರಬಂದಿತು. 'ಕೇಡುಗಳ ರಾಜ್ಯ' ಎಂದು ಅದರ ಹೆಸರನ್ನು ಕನ್ನಡಿಸಬಹುದು. ಅದರಲ್ಲಿ ನೂರು ಜನರ ವೃತ್ತಾಂತಗಳಿವೆ. ಮನುಷ್ಯನನ್ನು ಕಾಡುವ ಕೇಡುಗಳನ್ನು ಅವರು ಐದಾಗಿ ವಿಂಗಡಿಸಿದರು: ರೋಗ, ಅಜ್ಞಾನ, ದುರಭ್ಯಾಸ, ಕೋರ್ಟು ಕಚೇರಿಯ ತೊಡಕು, ಬಡತನ. ಡಾಕ್ಟರರ ಕೈಗೆ ಸಿಗುವುದು ಇವುಗಳಲ್ಲಿ ಒಂದು. ಮಿಕ್ಕ ನಾಲ್ಕನ್ನು ಯಾರಿಗೆ ಒಪ್ಪಿಸುವುದು? ಈ ವೃತ್ತಿಗೆ ಇದಕ್ಕಿಂತ ಸಮರ್ಪಕವಾದ ಸಮರ್ಥನೆಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಆ ನಾಲ್ಕರ ಮಾತು ಪಶ್ಚಿಮದೇಶದ್ದೆಂದು ತಳ್ಳಿಹಾಕುವಂತಿಲ್ಲ. ನನ್ನ ದೊಡ್ಡಮ್ಮನೊಬ್ಬರು ಮೂರು ಸಲ ಆಸ್ಪತ್ರೆ ಸೇರಿ, ಮೂರು ಸಲವೂ ಗುಣವಾಗಿ ಮನೆಗೆ ಬಂದರು. ನಾಲ್ಕಾರು ತಿಂಗಳಲ್ಲಿ ಮತ್ತೆ ಮೊದಲಿನ ಹಾಗೆಯೇ ಆಗುತ್ತಿತ್ತು. ಮಾತ್ರೆ ನಿಲ್ಲಿಸಿದ್ದೇ ಕಾರಣವೆಂದು ಎಲ್ಲರೂ ಅವರನ್ನೇ ಬೈದರು. ಏಕೆ ನಿಲ್ಲಿಸಿದರು ಎಂದು ಕೇಳಿದವರಿಲ್ಲ. ಬಹಳ ವರ್ಷಗಳ ಮೇಲೆ ಅವರೇ ಹೇಳಿದರು: ಮಾತ್ರೆ ನುಂಗಿದರೆ ಬೆಳಗಿನ ಜಾವ ಎಚ್ಚರವಾಗುತ್ತಿರಲಿಲ್ಲವಂತೆ, ಕೊಟ್ಟಿಗೆಯಲ್ಲಿ ಹಸು ಕರೆಯುವುದು ಸೊಸೆಯ ಪಾಲಿನ ಕೆಲಸ, ಹೊತ್ತೇರಿ ಎದ್ದ ಸೊಸೆಗೆ ಆ ಮನೆಯಲ್ಲಿ ಯಾವ ಮರ್ಯಾದೆ? ಕೆಲಸ ಬಲ್ಲವರೊಬ್ಬರು ಒಂದು ದಿನ ಬಂದು ಜಗಲಿಯ ಮೇಲೆ ಕುಳಿತು ನಾಲ್ಕು ಮಾತು ಕೇಳಿದ್ದರೆ, ಮಾತ್ರೆಯ ಹೊತ್ತನ್ನೋ ಹಾಲು ಕರೆಯುವ ಸರದಿಯನ್ನೋ ಬದಲಿಸಬಹುದಾಗಿತ್ತು.

ನಮ್ಮ ದೇಶಕ್ಕೆ ಈ ವಿದ್ಯೆ ಮುಂಬಯಿಯ ಮೂಲಕ ಬಂದಿತು. 1936ರಲ್ಲಿ ಅಲ್ಲಿ ದೊರಾಬ್ಜಿ ಟಾಟಾ ಅವರ ಹೆಸರಿನ ಸಮಾಜಕಾರ್ಯ ಶಾಲೆ ಪ್ರಾರಂಭವಾಯಿತು. ಅಮೆರಿಕದಿಂದ ಬಂದು ನಾಗಪಾಡದ ಬಡವರ ನಡುವೆ ಕೆಲಸ ಮಾಡಿದ್ದ ಕ್ಲಿಫರ್ಡ್ ಮ್ಯಾನ್ಷಾರ್ಟ್ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯ ತೆರೆಯಿತು. 1948ರಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವು ಅಲ್ಲಿ ಒಂದು ವಿಶೇಷ ವಿಷಯವಾಯಿತು. ಅದನ್ನು ಬೆಳೆಸಿದವರು ಡಾ. ಗೌರಿರಾಣಿ ಬ್ಯಾನರ್ಜಿ.

ಅದಕ್ಕೆ ಎರಡು ವರ್ಷ ಮುಂಚೆ, 1946ರಲ್ಲಿ, ಭೋರ್ ಸಮಿತಿ ದೇಶದ ಆರೋಗ್ಯದ ಲೆಕ್ಕ ಹಾಕಿದಾಗ ಮನೋರೋಗದ ಆಸ್ಪತ್ರೆಗಳಲ್ಲಿ ಸುಮಾರು 40,000 ಜನಕ್ಕೆ ಒಂದು ಹಾಸಿಗೆಯಿರುವುದು ಕಂಡುಬಂದಿತ್ತು. ಹಾಸಿಗೆಯೇ ಇಲ್ಲದಲ್ಲಿ ತರಬೇತಿ ಪಡೆದ ಜನ ಎಲ್ಲಿಂದ ಬರಬೇಕು? ಆ ಸಮಿತಿಯ ಶಿಫಾರಸಿನ ಫಲವಾಗಿ, 1954ರಲ್ಲಿ ಭಾರತ ಸರ್ಕಾರವೂ ಮೈಸೂರು ಸರ್ಕಾರವೂ ಕೂಡಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿದವು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಹೊಸೂರು ರಸ್ತೆಯ ಆ ಆವರಣವನ್ನು ಜನ ಹುಚ್ಚಾಸ್ಪತ್ರೆಯೆಂದೇ ಕರೆಯುತ್ತಿದ್ದರು. 'ಲುನಾಟಿಕ್ ಅಸೈಲಂ' ಎಂಬ ಹಳೆಯ ಹೆಸರನ್ನು ಮೈಸೂರು ಸರ್ಕಾರ 1925ರಲ್ಲಿಯೇ ತೆಗೆದುಹಾಕಿತ್ತೆಂಬುದು ಬೇರೆ ಮಾತು.

ಇಲ್ಲೊಂದು ವಿಶೇಷವಿದೆ. 1955ರಲ್ಲಿ ಪಾಠಗಳು ಶುರುವಾದಾಗ ವೈದ್ಯರಿಗೆ ಒಂದು ಡಿಪ್ಲೊಮಾ, ಮನಃಶಾಸ್ತ್ರ ಓದಿ ಬಂದ ಎಂ.ಎ.ಗಳಿಗೆ ಇನ್ನೊಂದು ಡಿಪ್ಲೊಮಾ, ಎರಡೂ ಜೊತೆಜೊತೆಯಾಗಿಯೇ ಆರಂಭವಾದವು. ವೈದ್ಯರಲ್ಲದವರನ್ನು ಮೊದಲ ದಿನದಿಂದಲೇ ಅದೇ ಆವರಣದೊಳಕ್ಕೆ ಕರೆದದ್ದು ಸಣ್ಣ ವಿಷಯವಲ್ಲ. ಮೈಸೂರಿಗೆ ಮನಃಶಾಸ್ತ್ರ ಅಷ್ಟೊಂದು ಹೊಸದೂ ಆಗಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಆ ವಿಭಾಗವನ್ನು ಕಟ್ಟಿದವರು ಪ್ರೊ. ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ, 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದ ಮಹನೀಯರೂ ಅವರೇ! ಇರಲಿ. ಮನೋವೈದ್ಯಕೀಯ ಸಮಾಜಕಾರ್ಯದ ಡಿಪ್ಲೊಮಾ ಬೆಂಗಳೂರಿಗೆ ಬಂದದ್ದು 1968ರಲ್ಲಿ. 1974ರಲ್ಲಿ ಸಂಸ್ಥೆಯೂ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಅನಂತರ ಡಿಪ್ಲೊಮಾಗಳು ಎರಡು ವರ್ಷದ ಎಂ.ಫಿಲ್.ಗಳಾದವು.

ಮನೆಯವರನ್ನು ಚಿಕಿತ್ಸೆಯೊಳಕ್ಕೆ ತರುವ ವಿಚಾರದಲ್ಲಿ ಮಾತ್ರ ನಮ್ಮವರು ಯಾರನ್ನೂ ಕಾಪಿ ಹೊಡೆಯಬೇಕಾಗಿರಲಿಲ್ಲ. ಗಾಣಗಾಪುರಕ್ಕೆ ರೋಗಿಯನ್ನು ಕರೆದೊಯ್ಯುವವರು ಇಡೀ ಸಂಸಾರವನ್ನೇ ಕಟ್ಟಿಕೊಂಡು ಹೋಗುವುದಿಲ್ಲವೆ? 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಬಯಲಿನಲ್ಲಿ ಗುಡಾರ ಹಾಕಿಸಿ, ರೋಗಿಗಳ ಜೊತೆಗೆ ಮನೆಯವರನ್ನೂ ಇರಿಸಿಕೊಂಡರು. ರೋಗಿಗಳು ಬೇಗ ಚೇತರಿಸಿಕೊಂಡರು. ಮನೆಯವರು ರೋಗವನ್ನು ಅರಿತುಕೊಂಡು ಊರಿಗೆ ಮರಳಿದರು. 1976ರಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ತೆರೆದ ಗ್ರಾಮೀಣ ಕೇಂದ್ರವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ಮನೋರೋಗ ಗುರುತಿಸುವುದನ್ನು ಕಲಿಸಿತು. ಅದೇ ದಾರಿಯಲ್ಲಿ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಯಿತು. 1996ರಿಂದ ದೇಶದ ಜಿಲ್ಲೆಗಳಿಗೆ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಈಗ ಓದಲು ಹೊರಟವರ ಮಾತಿಗೆ ಬರುತ್ತೇನೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತ ಯಾರೆಂದು ವ್ಯಾಖ್ಯಾನಿಸುವಾಗ, ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಕೇಳಿತು, ಅದರಲ್ಲಿಯೂ ಮೇಲ್ವಿಚಾರಕರ ಕೈಕೆಳಗಿನ ತರಬೇತಿ ಇರಲೇಬೇಕೆಂದಿತು. 1918ರ ಆ ಹಳೆಯ ಅನುಪಾತವೇ ಕಾನೂನಿನ ಭಾಷೆಯಲ್ಲಿ ಬಂದಿದೆ. ಆಪ್ತಸಮಾಲೋಚಕನೆಂದರೆ ಯಾರು ಎಂಬುದನ್ನು ಮಾತ್ರ ಆ ಕಾಯಿದೆ ಹೇಳಲಿಲ್ಲ. 2021ರ ಇನ್ನೊಂದು ಕಾಯಿದೆ ಆರೋಗ್ಯವೃತ್ತಿಗಳ ತನ್ನ ಪಟ್ಟಿಗೆ ಅವರನ್ನೂ ಸೇರಿಸಿತು. ಅಷ್ಟರಲ್ಲಿ ಕೆಲವೇ ವಾರಗಳ ಸರ್ಟಿಫಿಕೇಟು ಪಡೆದು ಬೋರ್ಡು ಹಾಕಿಕೊಂಡವರು ಬೀದಿಗೊಬ್ಬರಾಗಿದ್ದರು. ಅವರಲ್ಲಿ ಕರುಣೆಯಿಲ್ಲವೆಂದು ನಾನು ಹೇಳಲಾರೆ. ಆದರೆ ಗೆರೆಯೆಳೆದು ತಿದ್ದುವ ಹಿರಿಯರಿಲ್ಲದೆ ಕಲಿತವರು ಬೇರೊಬ್ಬರ ಮನೆಯ ಗುಟ್ಟಿನೊಳಕ್ಕೆ ಕೈಹಾಕುವುದು ನನಗೆ ಭಯವನ್ನೇ ಹುಟ್ಟಿಸುತ್ತದೆ.

2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆಯನ್ನು ತೆರೆಯಿತು. 14416 ಅದರ ಸಂಖ್ಯೆ. ಅಲ್ಲಿ ಮೊದಲು ಫೋನೆತ್ತುವವರು ಆಪ್ತಸಮಾಲೋಚಕರು. ಅವರ ಅಳವಿಗೆ ಮೀರಿದ್ದು ಮುಂದಿನವರಿಗೆ ಹೋಗುತ್ತದೆ. ಆ ಮೊದಲ ದನಿಯ ಹಿಂದೆ ಎಷ್ಟು ತಿಂಗಳ ಕಲಿಕೆಯಿದೆ, ಯಾರ ಕೈಕೆಳಗಿನ ಕಲಿಕೆಯಿದೆ ಎಂದು ಕರೆ ಮಾಡಿದವರು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಮಕ್ಕಳನ್ನು ಈ ಓದಿಗೆ ಸೇರಿಸಲು ಹೊರಟ ತಂದೆತಾಯಿಗಳು ಫೀಜು ಕಟ್ಟುವ ಮುನ್ನ ಅದನ್ನು ಕೇಳಬಹುದು.