ಗೌಂಡಿಯ ಲೆಕ್ಕ, ಕೃಷ್ಣೆಯ ಲೆಕ್ಕ

ಭಂಕೂರಿನಲ್ಲಿ ನಾನು ಮನೆ ಕಟ್ಟಿಸುವಾಗ ನೆಲಕ್ಕೆ ಹಾಸುವ ಫರಸಿ ಕಲ್ಲು ಮೊದಲೇ ಬಂದು ಅಂಗಳದಲ್ಲಿ ಬಿದ್ದಿತ್ತು. ಶಹಾಬಾದ ಪಕ್ಕದಲ್ಲೇ ಇರುವಾಗ ಕಲ್ಲಿಗೇನು ಬರ! ಬಾರದೆ ಉಳಿದದ್ದು ಬಾಗಿಲ ಚೌಕಟ್ಟು. ಗೋಡೆ ಮೇಲೇಳದೆ ಗೌಂಡಿ ಇಪ್ಪತ್ತು ದಿನ ಸುಮ್ಮನೆ ಕುಳಿತ.

ಯಾವ ಕೆಲಸ ತಡವಾದರೆ ಇಡೀ ಕಟ್ಟಡವೇ ತಡವಾಗುವುದೋ ಅದನ್ನು ಮುಂಚೆಯೇ ಲೆಕ್ಕಹಾಕಿ ಗುರುತಿಸುವ 'ಕ್ರಿಟಿಕಲ್ ಪಾಥ್' ವಿಧಾನವನ್ನು 1957ರ ಸುಮಾರಿಗೆ ಅಮೆರಿಕದಲ್ಲಿ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್, ರೆಮಿಂಗ್ಟನ್ ರಾಂಡ್‌ನ ಜೇಮ್ಸ್ ಕೆಲ್ಲಿ ರೂಪಿಸಿದರು. ರಾಸಾಯನಿಕ ಕಾರ್ಖಾನೆಗಳಿಗಾಗಿ ಹುಟ್ಟಿದ್ದು ಬಳಿಕ ನಿರ್ಮಾಣ ಕ್ಷೇತ್ರವನ್ನೆಲ್ಲ ವ್ಯಾಪಿಸಿತು. ನಿಮ್ಮಲ್ಲಿ ಇಂಜಿನಿಯರರಾದವರು ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ.

ಆದರೆ ನಮ್ಮ ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ನೋಡಿರಿ. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ಅಣೆಕಟ್ಟು ಪೂರ್ಣಗೊಂಡದ್ದು 2005ರಲ್ಲಿ. ಇಂಜಿನಿಯರರನ್ನು ಹಳಿಯುವುದು ನ್ಯಾಯವಲ್ಲವೆಂದೇ ನನ್ನ ಭಾವನೆ. ಇಲ್ಲಿ ಕಾಂಕ್ರೀಟಿಗಿಂತ ಮುಂದೆ ನಿಂತವು ಹಣ, ಮೂರು ರಾಜ್ಯಗಳ ನೀರಿನ ವ್ಯಾಜ್ಯ ಮತ್ತು ಪುನರ್ವಸತಿ. ಹಳೆ ಬಾಗಲಕೋಟೆಯ ಮುಳುಗಡೆ ಭಾಗದವರು ನವನಗರಕ್ಕೆ ಹೋಗಬೇಕಾಯಿತು. ಮನೆ, ಗುಡಿ, ಅಂಗಡಿ ಬಿಟ್ಟು ಹೊರಡುವವರ ದಿನಗಳನ್ನು ಯಾವ ನಕ್ಷೆಯಲ್ಲಿ ಬರೆಯುವುದು? 2010ರಲ್ಲಿ ಎರಡನೆಯ ನ್ಯಾಯಾಧಿಕರಣ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಅದಕ್ಕೂ ಮೊದಲು ಆಗಬೇಕಾದದ್ದು ಮತ್ತೆ ಅದೇ, ಭೂಸ್ವಾಧೀನ ಮತ್ತು ಪುನರ್ವಸತಿ.