ರಂಗೀನ್ ಮಹಲಿನ ಬಾಗಿಲಲ್ಲಿ

ಬೀದರ ಕೋಟೆಗೆ ಬಂದವರು ಸೋಳಾ ಖಂಬಾ ಮಸೀದಿಯೆದುರು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನಾನು ಮೊದಲು ರಂಗೀನ್ ಮಹಲಿಗೇ ಹೋಗುವವನು. ಬೀಗ ಹಾಕಿದ್ದರೆ ಕಾವಲುಗಾರರನ್ನು ಕಾಡಿ ಬೇಡಿ ತೆಗೆಸುತ್ತೇನೆ. ಒಳಗೆ ಕರಿಕಲ್ಲಿನಲ್ಲಿ ಬಳ್ಳಿ ಕೊರೆದು, ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಟಾರ್ಚ್ ಓರೆಯಾಗಿ ಹಿಡಿದರೆ ಅದೇ ಚೂರು ಒಮ್ಮೆ ಹಸಿರು, ಒಮ್ಮೆ ಗುಲಾಬಿ. 16ನೇ ಶತಮಾನದಲ್ಲಿ ಹೀಗೆ ಸಿಂಗರಿಸಿದವನು ಅಲಿ ಬರೀದ್ ಶಾ. ಬಹಮನಿ ರಾಜ್ಯ ಐದು ಹೋಳಾದಾಗ ಬರೀದರಿಗೆ ದಕ್ಕಿದ್ದು ಚಿಕ್ಕ ಪಾಲು. ಶೋಕಿಗೇನೂ ಕಡಿಮೆಯಿರಲಿಲ್ಲ ಬಿಡಿ!

ಈ ಕೋಟೆಯ ಹಳೇ ಮಣ್ಣು ಬಿದ್ರಿ ಕೆಲಸದವರಿಗೆ ಇಂದಿಗೂ ಬೇಕು. ನಾಲಿಗೆಗೆ ಹಚ್ಚಿ, ರುಚಿ ನೋಡಿ ಆರಿಸುತ್ತಾರೆ. ನವಸಾಗರದ ಜೊತೆ ಆ ಮಣ್ಣನ್ನು ಕಲಸಿ ಬಿಸಿ ಮಾಡಿ ಉಜ್ಜಿದರೆ ಸತು-ತಾಮ್ರದ ಹೂಜಿ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಮಾತ್ರ ಬೆಳ್ಳಗೇ ಉಳಿಯುತ್ತದೆ.