ಚರ್ಮವು ಅಳತೆಗೋಲಾಗಿದ್ದ ಕಾಲ

ಶಿಡ್ಲಘಟ್ಟದಲ್ಲಿ ರೇಷ್ಮೆಯ ನೂಲು ಬಿಚ್ಚುವವರು ಗೂಡಿನ ಬಿಸಿನೀರಿನಲ್ಲಿ ಕೈಯಾಡಿಸುವುದನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ನೀರು ಮಿತಿಮೀರಿ ಕಾದರೆ ಬೆರಳು ಆ ಕ್ಷಣವೇ ಎಚ್ಚರಿಸುವುದು. ಕ್ಯಾನ್ಸರ್ ರೋಗಕ್ಕೆ ಕಿರಣಚಿಕಿತ್ಸೆಯನ್ನು ಆರಂಭಿಸಿದ ವೈದ್ಯರೂ ಹೀಗೆಯೇ ಚರ್ಮವನ್ನು ಅಳತೆಗೋಲಾಗಿ ನಂಬಿದ್ದರು. ಆದರೆ ಕಿರಣದ ವಿಷಯದಲ್ಲಿ ಚರ್ಮವು ತಡವಾಗಿ ಉತ್ತರ ಹೇಳತಕ್ಕ ಸಾಕ್ಷಿ.

1895ರಲ್ಲಿ ಜರ್ಮನಿಯ ರಾಂಟ್ಗೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದನು. ಮರುವರ್ಷವೇ ಅವು ಚಿಕಿತ್ಸೆಗೆ ಬಂದವು. 1901ರಲ್ಲಿ ಫ್ರಾನ್ಸಿನ ಬೆಕ್ವೆರೆಲ್ ಪಂಡಿತನು ರೇಡಿಯಂ ಇದ್ದ ನಳಿಗೆಯೊಂದನ್ನು ಜೇಬಿನಲ್ಲಿಟ್ಟುಕೊಂಡಿದ್ದನು. ಆಗ ಯಾವ ನೋವೂ ತೋರಲಿಲ್ಲ. ದಿನಗಳು ಕಳೆದ ಮೇಲೆ ಅದೇ ಎಡೆಯಲ್ಲಿ ಚರ್ಮವು ಕೆಂಪಾಗಿ ಹುಣ್ಣಾಯಿತು. ಹೀಗಿದ್ದರೂ, ಬೇರೆ ನಂಬುಗೆಯ ಮಾನವಿಲ್ಲದುದರಿಂದ, ಚರ್ಮವು ಕೆಂಪೇರುವಷ್ಟು ಕಿರಣವನ್ನೇ ವೈದ್ಯರು ಒಂದು ಅಳತೆಯೆಂದು ಎಣಿಸಿದರು. ರೋಗಿಯು ಬೆಂದರೆ ಮಾತ್ರ ಪ್ರಮಾಣವು ತಿಳಿಯುತ್ತಿದ್ದಿತು!

1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಸಮ್ಮೇಳನವು ‘ರಾಂಟ್ಗೆನ್’ ಎಂಬ ಮಾನವನ್ನು ಅಂಗೀಕರಿಸಿತು. ಚರ್ಮಕ್ಕೆ ಅಳೆಯುವ ಕೆಲಸ ತಪ್ಪಿತು, ಬೇಯುವುದು ತಪ್ಪಲಿಲ್ಲ. ಅಂದಿನ ಯಂತ್ರಗಳ ಕಿರಣವು ಮೈಯ ಮೇಲ್ಪದರದಲ್ಲಿಯೇ ತನ್ನ ಪೂರ್ಣಬಲವನ್ನು ತೋರುತ್ತಿದ್ದಿತು. 1951ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್ ಯಂತ್ರವು ಬಳಕೆಗೆ ಬಂದಾಗ, ಕಿರಣದ ಪರಮಬಲವು ಚರ್ಮದಿಂದ ಸುಮಾರು ಅರ್ಧ ಸೆಂಟಿಮೀಟರು ಒಳಕ್ಕೆ ಸರಿಯಿತು. ಚರ್ಮಕ್ಕೆ ದೊರೆತ ದೊಡ್ಡ ರಕ್ಷಣೆ ಇದು. ಆದರೂ ಅದು ಪೂರ್ಣರಕ್ಷಣೆಯಲ್ಲ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯು 1973ರಲ್ಲಿ ಉದ್ಘಾಟಿತವಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಆಗ ಕೋಲಾರ ಜಿಲ್ಲೆಗೆ ಸೇರಿದ್ದವು. 2007ರಲ್ಲಿ ಚಿಕ್ಕಬಳ್ಳಾಪುರವೇ ಜಿಲ್ಲೆಯಾಯಿತು. ಈ ಸೀಮೆಯಿಂದ ಬೆಂಗಳೂರಿಗೆ ಹೋಗುವ ರೋಗಿಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರಗಳ ಚಿಕಿತ್ಸೆ ನಡೆಯುವುದು. ಚರ್ಮದ ಕೆಂಪು ಬಹುಮಟ್ಟಿಗೆ ಎರಡನೆಯ ಮೂರನೆಯ ವಾರದಲ್ಲಿ ತೋರುವುದು. ಚಿಕಿತ್ಸೆ ಮುಗಿದ ಮೇಲೂ ಕೆಲವು ದಿನ ಹೆಚ್ಚಬಹುದು. ಆಗ ರೋಗಿಯು ವೈದ್ಯನ ಎದುರಿಗಲ್ಲ, ತನ್ನ ಮನೆಯಲ್ಲಿರುವನು. ಆದುದರಿಂದ ಈ ಚರಿತ್ರೆಯ ಕೊನೆಯ ಅಧ್ಯಾಯವು ನಡೆಯತಕ್ಕುದು ನಮ್ಮ ಬಚ್ಚಲುಮನೆಗಳಲ್ಲಿ.

ಕಿರಣ ಬಿದ್ದ ಎಡೆಗೆ ನೀರು ಸೋಕಬಾರದೆಂಬ ಕಟ್ಟಳೆ ಬಹುಕಾಲ ನಡೆದುಬಂದಿತು. 1992ರಲ್ಲಿ ಪ್ರಕಟವಾದ ಪರೀಕ್ಷೆಯೊಂದು, ಸ್ತನದ ಚಿಕಿತ್ಸೆ ಪಡೆಯುತ್ತಿದ್ದವರಲ್ಲಿ ತೊಳೆದುಕೊಂಡವರಿಗೆ ಕೇಡು ಹೆಚ್ಚಲಿಲ್ಲವೆಂದು ತೋರಿಸಿತು. ಉಗುರುಬೆಚ್ಚಗಿನ ನೀರು, ಮೃದುವಾದ ಸಾಬೂನು, ಉಜ್ಜದೆ ಒತ್ತಿ ಒರೆಸುವುದು, ಸಡಿಲವಾದ ಹತ್ತಿಯ ಬಟ್ಟೆ, ಬಿಸಿಲಿಗೆ ಮರೆ—ಇವು ಇಂದಿನ ವಿಧಿ. ವೈದ್ಯರು ಬರೆದ ಗುರುತುಗಳನ್ನು ಮಾತ್ರ ಅಳಿಸಬಾರದು. ಕೆಲವರಿಗೆ ವೈದ್ಯರು ಸ್ಟೀರಾಯ್ಡಿನ ಮುಲಾಮನ್ನೋ ಮೈಗಂಟುವ ತೆಳುಪೊರೆಯನ್ನೋ ವಿಧಿಸುವರು. ಅರಿಶಿನವಾಗಲಿ, ಸೊಪ್ಪಿನ ರಸವಾಗಲಿ, ಕಾಸಿದ ಎಣ್ಣೆಯಾಗಲಿ ಅವರನ್ನು ಕೇಳದೆ ಹಚ್ಚತಕ್ಕುದಲ್ಲ.

ಇದು ಬರಿಯ ಚರ್ಮದ ಮಾತಲ್ಲ. ಚರ್ಮ ಕೆಂಪಾಯಿತೆಂದು ಹೆದರಿ ರೋಗಿಯು ನಡುವೆ ಚಿಕಿತ್ಸೆಯನ್ನು ಬಿಟ್ಟರೆ, ಸೋತಿದ್ದ ರೋಗವು ಮತ್ತೆ ತಲೆಯೆತ್ತಲು ಎಡೆಯಾಗುವುದು. ಕೆಂಪನ್ನು ಕಂಡೊಡನೆ ಚಿಕಿತ್ಸೆಯನ್ನು ಬಿಡದೆ ವೈದ್ಯರಿಗೆ ತೋರಿಸುವಂತೆ ಮನೆಯವರು ಧೈರ್ಯ ಹೇಳಬೇಕು. ಹಿಂದೆ ವೈದ್ಯರು ಚರ್ಮವನ್ನು ನೋಡಿ ಕಿರಣವನ್ನು ಅಳೆದರು. ಇಂದು ನಾವು ಅದನ್ನು ನೋಡಿ ನಮ್ಮ ಆರೈಕೆಯನ್ನು ಅಳೆದುಕೊಳ್ಳಬೇಕಾಗಿದೆ.